ಹಳೆ ಫಾರ್ಚುನರ್, 1.86 ಲಕ್ಷ ಕಿ.ಮೀ. ಓಡಿದೆ: ಯಾವುದನ್ನು ಮೊದಲು ಮಾಡಿಸಲಿ?

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಸೆಕೆಂಡ್ ಹ್ಯಾಂಡ್ ಫಾರ್ಚುನರ್ ತಗೊಂಡೆ. 2012ರ ಗಾಡಿ, 3.0 ಲೀಟರ್ ಡೀಸೆಲ್, ಮ್ಯಾನುವಲ್, ಫೋರ್ ಬೈ ಫೋರ್. ಮೀಟರ್ 1,86,000 ತೋರಿಸುತ್ತಿದೆ. ಮಳೆಗಾಲದಲ್ಲಿ ನಮ್ಮ ತೋಟದ ದಾರಿ ನಾಟಿ ಗದ್ದೆಯ ಹಾಗಾಗುತ್ತದೆ, ಅದಕ್ಕೇ ದೊಡ್ಡ ಗಾಡಿ ಬೇಕಾಯಿತು. ಜೊತೆಗೆ ತಿಂಗಳಿಗೊಮ್ಮೆ ಅಮ್ಮನನ್ನು ತಪಾಸಣೆಗೆ ಮಣಿಪಾಲಕ್ಕೆ ಕರ್ಕೊಂಡು ಹೋಗಬೇಕು. ಅಂದರೆ ಆಗುಂಬೆ ಘಾಟಿ ತಪ್ಪಿದ್ದಲ್ಲ.

ಹೋದ ವಾರ ಘಾಟಿ ಇಳಿಯುವಾಗ ಆರೇಳು ತಿರುವು ಕಳೆಯುವಷ್ಟರಲ್ಲಿ ಬ್ರೇಕ್ ಒತ್ತಿದಾಗೆಲ್ಲ ಸ್ಟೀರಿಂಗ್ ಗಡಗಡ ನಡುಗಲಿಕ್ಕೆ ಶುರುವಾಯಿತು. ಘಾಟಿಯ ಬುಡದ ಸೋಮೇಶ್ವರ ಹತ್ತಿರ ಬರುವಾಗ ಪೆಡಲ್ ಮೆತ್ತಗಾಗಿ ಅರ್ಧಕ್ಕಿಂತ ಕೆಳಗೆ ಹೋಗುತ್ತಿತ್ತು. ಅಮ್ಮ ಪಕ್ಕದಲ್ಲೇ ಕೂತಿದ್ದರು. ಗಾಡಿ ಪಕ್ಕಕ್ಕೆ ಹಾಕಿ ಮುಕ್ಕಾಲು ಗಂಟೆ ಆರಲು ಬಿಟ್ಟೆ, ಆಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು.

ಬೇರೆ ತೊಂದರೆಗಳೂ ಇವೆ. ಕ್ಲಚ್ ಬಿಟ್ಟು ಹೊರಡುವಾಗ ಅಡಿಯಿಂದ 'ಟಣ್' ಅಂತ ಒಂದು ಸದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಎರಡು ನಿಮಿಷ ಎಂಜಿನ್ ಕಟಕಟ ಅನ್ನುತ್ತದೆ, ಬಿಸಿಯಾದ ಮೇಲೆ ಸುಮ್ಮನಾಗುತ್ತದೆ. ಎಂಜಿನ್ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಹಿಂದಿನವರ ಹತ್ತಿರ ಇಲ್ಲ. 'ಮಾಡಿಸಿದ ನೆನಪು' ಅನ್ನುತ್ತಾರೆ.

ಒಂದು ವರ್ಕ್‌ಶಾಪಿನಲ್ಲಿ ತೋರಿಸಿದೆ. ಡಿಸ್ಕ್, ಪ್ಯಾಡ್, ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಲ್ಕೂ ಇಂಜೆಕ್ಟರ್, ಚಕ್ರಗಳ ಕಡೆಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಕ್ಲಚ್ ಸೆಟ್ ಎಲ್ಲ ಸೇರಿ 2,40,000 ರೂಪಾಯಿ ಎಸ್ಟಿಮೇಟ್ ಬರೆದುಕೊಟ್ಟರು. ಗಾಡಿ ಜಾಕಿ ಮೇಲೆ ಎತ್ತಲಿಲ್ಲ, ಒಂದು ಚಕ್ರ ಬಿಚ್ಚಿ ನೋಡಲಿಲ್ಲ. ಅಷ್ಟು ದುಡ್ಡು ಒಮ್ಮೆಗೇ ಹಾಕುವ ಸ್ಥಿತಿಯಲ್ಲಿ ನಾನಿಲ್ಲ. ಯಾವುದು ಜೀವಕ್ಕೆ ಸಂಬಂಧಿಸಿದ್ದು, ಯಾವುದು ಕಾಯಬಹುದು, ತಿಳಿದವರು ದಯವಿಟ್ಟು ಹೇಳಿ.

ಪಾನಾಪಕ್ಕಡ, ಹುಬ್ಬಳ್ಳಿ

ನಮಸ್ಕಾರ್ರಿ. ನಂದು ಗ್ಯಾರೇಜ್ ಐತಿ, ಹದಿನೆಂಟು ವರ್ಷದಿಂದ ಕ್ವಾಲಿಸ್, ಇನೋವಾ, ಫಾರ್ಚುನರ್, ಸ್ಕಾರ್ಪಿಯೋ ಇವನ್ನ ಮಾಡ್ಕೋತ ಬಂದೇನಿ. ಮೊದ್ಲ ಒಂದು ಮಾತು. ಬ್ರೇಕ್ ಸರಿ ಆಗೂತನಾ ತಾಯಿನ್ನ ಕುಂದ್ರಿಸ್ಕೊಂಡು ಘಾಟ್ ಇಳೀಬ್ಯಾಡ್ರಿ. ಬಸ್ಸಿನ್ಯಾಗ ಹೋಗ್ರಿ, ಇಲ್ಲಾ ಬ್ಯಾರೆ ಗಾಡಿ ಮಾಡ್ಕೊಂಡ್ ಹೋಗ್ರಿ.

ಪೆಡಲ್ ಮೆತ್ತಗಾಗಿ, ಆರಿದ ಮ್ಯಾಲ ಗಟ್ಟಿ ಆತು ಅಂದ್ರಲ್ಲ, ಅದು ಬ್ರೇಕ್ ಆಯಿಲ್ ಕುದಿಯೂ ಲಕ್ಷಣ. ಬ್ರೇಕ್ ಆಯಿಲ್ ಗಾಳಿಯೊಳಗಿನ ನೀರಿನ ಪಸೆ ಹೀರ್ಕೋತೈತಿ. ಡಾಟ್ 3, ಡಾಟ್ 4 ಅಂತ ಅದರಾಗ ದರ್ಜೆ ಅದಾವು. ಹೊಸಾ ಡಾಟ್ 3 ಆಯಿಲ್ 205 ಡಿಗ್ರಿ ತನಕ ಕುದಿಯೂದಿಲ್ಲ. ಪಸೆ ಹಿಡಿದ ಮ್ಯಾಲ 140ಕ್ಕ ಬಂದು ನಿಲ್ಲತೈತಿ. ಡಾಟ್ 4 ಆದ್ರ 230, ಪಸೆ ಹಿಡಿದದ್ದು 155. ಘಾಟಿನ್ಯಾಗ ಬ್ರೇಕ್ ಹಿಡ್ಕೊಂಡ ಇಳಿದ್ರ ಪ್ಯಾಡ್ ಒತ್ತೂ ಕ್ಯಾಲಿಪರ್ ಆ ಲೆಕ್ಕ ಮುಟ್ಟೂದು ದೊಡ್ಡ ಮಾತಲ್ಲ. ಆಯಿಲ್ ಕುದ್ದು ಆವಿ ಆತಂದ್ರ, ಆವಿ ಅದುಮಿದ್ರ ಅದುಮ್ತೈತಿ, ಪೆಡಲ್ ಕೆಳಗ ಹೊಕ್ಕೈತಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರಾ ಬದಲ್ ಮಾಡಬೇಕು. ಖರ್ಚು ಭಾಳ ಇಲ್ರಿ, ಮಂದಿಗೆ ನೆನಪ ಇರೂದಿಲ್ಲ ಅಷ್ಟ.

ಎರಡನೇದ್ದು ಟೈಮಿಂಗ್ ಬೆಲ್ಟ್. ನಿಮ್ಮ ಎಂಜಿನ್ನಿನ್ಯಾಗ ಚೈನ್ ಇಲ್ಲ, ಬೆಲ್ಟ್ ಐತಿ. ಬೆಲ್ಟ್ ಹರೀತಂದ್ರ ಪಿಸ್ಟನ್ ಹೋಗಿ ವಾಲ್ವಿಗೆ ಬಡೀತೈತಿ, ಹೆಡ್ ಬಿಚ್ಚೂ ಕೆಲಸ. ಮೀಟರಿನ್ಯಾಗ 'ಟಿ-ಬೆಲ್ಟ್' ಅಂತ ಒಂದು ದೀಪ ಐತಿ, 1.5 ಲಕ್ಷ ಕಿಲೋಮೀಟರಿಗೆ ಹತ್ತತೈತಿ. ದೀಪ ಹತ್ತಿಲ್ಲ ಅಂದ್ರ ಬೆಲ್ಟ್ ಛಲೋ ಐತಿ ಅಂತ ತಿಳೀಬ್ಯಾಡ್ರಿ. ಬೆಲ್ಟ್ ಬದಲಸದನ ಬರೇ ದೀಪ ರಿಸೆಟ್ ಮಾಡಿ ಗಾಡಿ ಮಾರಿದವರನ್ನ ನಾ ನೋಡೇನಿ. ಬಿಲ್ ಇಲ್ಲಾ ಅಂದ್ರ ಆಗಿಲ್ಲಾ ಅಂತನ ತಿಳ್ಕೊಂಡು ಬದಲಸ್ರಿ. ಬೆಲ್ಟ್ ಒಂದ ಹಾಕಬ್ಯಾಡ್ರಿ, ಅದನ್ನ ಬಿಗಿ ಹಿಡಿಯೂ ಟೆನ್ಷನರ್, ಅದು ಹಾಯೂ ಗಾಲಿ ಐಡ್ಲರ್ ಎರಡೂ ಕೂಡೇ ಹಾಕಸ್ರಿ.

ಟಣ್ ಅನ್ನೂದಕ್ಕ ಪ್ರೊಪೆಲ್ಲರ್ ಶಾಫ್ಟ್ ಬದಲಸಾಕ ಹೋಗೂ ಮೊದ್ಲ ಗ್ರೀಸ್ ಹೊಡಸ್ರಿ. ಶಾಫ್ಟಿನ ಕೀಲು ಅಂದ್ರ ಕ್ರಾಸಿಗೂ, ಹಿಂದ ಮುಂದ ಜಾರೂ ಸ್ಲೈಡಿಂಗ್ ಯೋಕಿಗೂ ಗ್ರೀಸ್ ತುಂಬೂ ನಿಪ್ಪಲ್ ಅದಾವು. ಯೋಕ್ ಒಣಗಿದ್ರ ಹೊರಡೂ ಮುಂದ, ನಿಲ್ಲೂ ಮುಂದ ಹಿಂಗ ಸಪ್ಪಳ ಬರ್ತೈತಿ. ಮುನ್ನೂರು ರೂಪಾಯಿ ಕೆಲಸ. ಗ್ರೀಸ್ ಹೊಡದ ಮ್ಯಾಲೂ ಸಪ್ಪಳ ಇದ್ರ, ಆವಾಗ ಕ್ರಾಸ್ ಹಿಡದು ಅಳ್ಳಾಡಿಸಿ ನೋಡೂಣು.

ನೋಝಲ್ ಅಂದ್ರ ಇಂಜೆಕ್ಟರ್ ವಿಷಯ ರಾತ್ರಿ ಬರೀತೀನಿ. ಈಗ ಗಿರಾಕಿ ಬಂದಾರ.

ಕಡಲ ತಡಿ, ಉಡುಪಿ

ಹುಬ್ಬಳ್ಳಿಯವರು ಸರಿಯಾಗಿ ಹೇಳಿದ್ದಾರೆ. ನಡುಕದ ಬಗ್ಗೆ ನನ್ನದೊಂದು ಅನುಭವ ಉಂಟು. ನನ್ನದೂ ಇದೇ ಗಾಡಿ, 2010ರದ್ದು. ಎರಡು ವರ್ಷದ ಹಿಂದೆ ಹೀಗೇ ಸ್ಟೀರಿಂಗ್ ನಡುಗುತ್ತಿತ್ತು. ಡಿಸ್ಕ್ ಬೆಂಡ್ ಆಗಿದೆ ಅಂತ ಹೊಸ ಡಿಸ್ಕ್ ಹಾಕಿಸಿದೆ. ನಾಲ್ಕು ತಿಂಗಳಲ್ಲಿ ಮತ್ತೆ ಅದೇ ಕಥೆ. ಆಮೇಲೆ ಒಬ್ಬರು ಹಿರಿಯ ಮೆಕ್ಯಾನಿಕ್ ಹೇಳಿದ್ದು ಏನು ಗೊತ್ತುಂಟಾ? 'ಕಡೆಯ ಸಲ ಪಂಚರ್ ಹಾಕಿಸಿದ್ದು ಎಲ್ಲಿ ಮಾರಾಯ್ರೆ' ಅಂತ.

ಪಂಚರ್ ಅಂಗಡಿಯಲ್ಲಿ ಗಾಳಿ ಗನ್ನಿನಿಂದ ನಟ್ಟು ಜಡಿಯುತ್ತಾರಲ್ಲ, ಒಂದು ನಟ್ಟು ಸಿಕ್ಕಾಪಟ್ಟೆ ಬಿಗಿ, ಇನ್ನೊಂದು ಸಡಿಲ. ಚಕ್ರ, ಡಿಸ್ಕ್, ಅವು ಕೂರುವ ಹಬ್ ಮೂರೂ ಒಂದಕ್ಕೊಂದು ಒತ್ತಿ ಕೂರುವುದು ಆ ಆರು ನಟ್ಟಿನ ಬಲದಲ್ಲಿ. ಬಿಗಿ ಹೆಚ್ಚುಕಡಿಮೆ ಆದರೆ ಡಿಸ್ಕ್ ಕೂದಲೆಳೆಯಷ್ಟು ಓರೆ ಕೂರುತ್ತದೆ. ತಿರುಗುವಾಗ ಒಂದೇ ಜಾಗ ಪ್ಯಾಡಿಗೆ ಉಜ್ಜಿ ಉಜ್ಜಿ ದಪ್ಪ ಏರುಪೇರಾಗುತ್ತದೆ. ಹಬ್ಬಿನ ಮುಖದಲ್ಲಿ ತುಕ್ಕು ಕೂತಿದ್ದರೂ ಇದೇ ಕಥೆ. ಅದನ್ನು ಬ್ರಷ್ ಹಾಕಿ ತಿಕ್ಕದೆ ಹೊಸ ಡಿಸ್ಕ್ ಹಾಕಿದರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಹಾಗಾಗಿ ಡಿಸ್ಕ್ ಬದಲಿಸುವ ಮೊದಲು ಡಯಲ್ ಗೇಜ್ ಇಟ್ಟು ಓಲಾಟ ಅಳೆಯಲಿಕ್ಕೆ ಹೇಳಿ. ಡಿಸ್ಕಿನ ಮೇಲೇ ಕನಿಷ್ಠ ದಪ್ಪ ಅಚ್ಚು ಹಾಕಿರುತ್ತಾರೆ. ಹೆರೆದ ಮೇಲೂ ಅದಕ್ಕಿಂತ ದಪ್ಪ ಉಳಿಯುವುದಾದರೆ ಲೇತಿನಲ್ಲಿ ಸ್ಕಿಮ್ಮಿಂಗ್, ಅಂದರೆ ಮೇಲ್ಮೈ ಹೆರೆದು ಸಮ ಮಾಡಿಸಿದರೆ ಸಾಕು.

ಡಿಪೊ ಅಜ್ಜ, ಮೈಸೂರು

ಸಾರಿಗೆ ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿ 31 ವರ್ಷ ದುಡಿದು ನಿವೃತ್ತನಾದವನು. ತಮ್ಮಾ, ರಿಪೇರಿ ವಿಷಯ ಇವರೆಲ್ಲ ಹೇಳುತ್ತಿದ್ದಾರೆ. ನಾನು ಇಳಿಯುವ ವಿಷಯ ಹೇಳುತ್ತೇನೆ.

ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು. ನಿಮ್ಮ ಗಾಡಿಯ ತೂಕ ಎರಡು ಟನ್ ಹತ್ತಿರ. ಜನ, ಸಾಮಾನು ಸೇರಿದರೆ ಇನ್ನೂ ಹೆಚ್ಚು. ಅಷ್ಟು ಭಾರವನ್ನು ಬ್ರೇಕ್ ಒಂದರಿಂದಲೇ ತಡೆಯಲು ಹೋಗಬಾರದು. ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು ಅಂತ ನಮ್ಮ ಹಳೆಯ ಚಾಲಕರು ಹೊಸಬರಿಗೆ ಕಲಿಸುತ್ತಿದ್ದರು. ಈಗಲೂ ಅದೇ ಸರಿ. ಘಾಟಿಯ ಬಾಯಲ್ಲೇ ಎರಡನೇ ಗೇರಿಗೆ ಹಾಕಿ, ಎಂಜಿನ್ ಹಿಡಿದುಕೊಳ್ಳುತ್ತದೆ. ತಿರುವಿಗೆ ಮುಂಚೆ ಬ್ರೇಕನ್ನು ಗಟ್ಟಿಯಾಗಿ ಒಮ್ಮೆ ಒತ್ತಿ, ವೇಗ ತಗ್ಗಿಸಿ, ಪೂರ್ತಿ ಬಿಟ್ಟುಬಿಡಿ. ಆ ಬಿಟ್ಟ ಹೊತ್ತಿನಲ್ಲೇ ಡಿಸ್ಕಿಗೆ ಗಾಳಿಯಾಡುವುದು. ಉದ್ದಕ್ಕೂ ಹಗುರವಾಗಿ ಒತ್ತಿಕೊಂಡೇ ಇಳಿಯುವವರ ಬ್ರೇಕ್ ಬೇಗ ಕಾಯುತ್ತದೆ.

ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ಗೆ ಹಾಕಿ ಇಳಿಯುವವರಿದ್ದಾರೆ. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲು ಡೀಸೆಲ್ ಬೇಕೇ ಬೇಕು. ಲಾಭವೂ ಇಲ್ಲ, ಪ್ರಾಣಕ್ಕೂ ಅಪಾಯ.

ಪಾನಾಪಕ್ಕಡ, ಹುಬ್ಬಳ್ಳಿ

ಡಿಪೊ ಅಜ್ಜಾರ ಮಾತು ಖರೆ. ಈಗ ನೋಝಲ್ ವಿಷಯಕ್ಕ ಬರ್ತೀನಿ.

ಥಂಡಿಯೊಳಗ ಕಟಕಟ ಅಂತೈತಿ ಅಂದ ಕೂಡ್ಲೆ ನಾಲ್ಕೂ ಇಂಜೆಕ್ಟರ್ ಬರದುಕೊಡೂದು ತಪ್ಪು. ಮೊದ್ಲ ಲೀಕ್-ಆಫ್ ಟೆಸ್ಟ್ ಮಾಡಸ್ರಿ. ನಾಲ್ಕೂ ಇಂಜೆಕ್ಟರಿನಿಂದ ತಿರುಗಿ ಬರೂ ಡೀಸೆಲ್ಲನ್ನ ನಾಲ್ಕು ಸಣ್ಣ ಬಾಟಲಿಗೆ ಬಿಡೂದು. ಎಂಜಿನ್ ಓಡ್ಲಿ. ಯಾವ ಬಾಟಲಿ ಉಳಿದದ್ದಕ್ಕಿಂತ ಲಗೂ ತುಂಬತೈತೋ ಆ ಇಂಜೆಕ್ಟರ್ ಸವದೈತಿ ಅಂತ ಅರ್ಥ. ಸ್ಕ್ಯಾನರ್ ಹಚ್ಚಿ ಫೀಡ್‌ಬ್ಯಾಕ್ ಲೆಕ್ಕಾನೂ ನೋಡಬೇಕು. ಒಂದ ಕೆಟ್ಟಿದ್ರ ಒಂದ ಬದಲಸ್ರಿ. ಹೊಸಾದು ಹಾಕಿದ್ರ ಅದರ ಮ್ಯಾಲಿನ ಕೋಡ್ ಇಸಿಯು ಅಂದ್ರ ಎಂಜಿನ್ ಕಂಪ್ಯೂಟರಿನ್ಯಾಗ ತುಂಬಬೇಕು. ಇಲ್ಲಾಂದ್ರ ಹೊಸಾ ಇಂಜೆಕ್ಟರ್ ಹಾಕಿನೂ ಎಂಜಿನ್ ಬಡಕೋತ ಇರತೈತಿ.

ಇನ್ನೊಂದು ಮುಖ್ಯ. ಇಂಜೆಕ್ಟರ್ ಕೆಳಗ ಒಂದು ತಾಮ್ರದ ವಾಷರ್ ಇರತೈತಿ. ವಯಸ್ಸಾದ ಎಂಜಿನ್ನಿನ್ಯಾಗ ಅದು ಸೋರಿದ್ರ ಉರಿದ ಗ್ಯಾಸ್ ಮ್ಯಾಲ ನುಸುಳಿ ಎಂಜಿನ್ ಆಯಿಲ್ಲಿಗೆ ಸೇರತೈತಿ. ಆಯಿಲ್ ಟಾರಿನಂಗ ದಪ್ಪ ಆಗಿ, ಸಂಪ್ ಅಂದ್ರ ಎಂಜಿನ್ ಅಡಿಯ ಆಯಿಲ್ ತೊಟ್ಟಿಯೊಳಗ ಆಯಿಲ್ ಎಳಿಯೂ ಜಾಳಿಗಿ ಕಟ್ಟತೈತಿ. ಎಂಜಿನ್ನಿಗೆ ಆಯಿಲ್ ಸಿಗಲಿಲ್ಲಾ ಅಂದ್ರ ಕಥಿ ಮುಗೀತು. ಸ್ಟಾರ್ಟ್ ಮಾಡಿದ ಮ್ಯಾಲ ಆಯಿಲ್ ದೀಪ ಆರಾಕ ತಡಾ ಆಗ್ತೈತೇನು ನೋಡ್ರಿ. ಆಯಿಲ್ ತುಂಬೂ ಮುಚ್ಚಳದ ಒಳಮೈ ಮ್ಯಾಲ ಕರೀ ಹಕ್ಕಳಿ ಕಟ್ಟೈತೇನು ನೋಡ್ರಿ. ಹಂಗಿದ್ರ ಸಂಪ್ ಇಳಿಸಿ ಜಾಳಿಗಿ ನೋಡಾಕಬೇಕು. ನಾ ಅಂತೂ ಹಳೇ ಗಾಡಿ ಕೈಗೆ ಬಂದ್ರ ಒಮ್ಮೆ ಇಳಿಸೇ ನೋಡ್ತೀನಿ.

ಕ್ಲಚ್ ಯಾಕ ಬರದಾರ? ಸ್ಲಿಪ್ ಆಗ್ತೈತೇನು? ನಾಲ್ಕನೇ ಗೇರಿನ್ಯಾಗ ಏರಿನ ಮ್ಯಾಲ ಆಕ್ಸಿಲರೇಟರ್ ಪೂರಾ ಒತ್ತಿ ನೋಡ್ರಿ. ಎಂಜಿನ್ ಸುತ್ತು (ಆರ್‌ಪಿಎಂ) ಏರಿ ಗಾಡಿ ವೇಗ ಏರಲಿಲ್ಲಾ ಅಂದ್ರ ಮಾತ್ರ ಕ್ಲಚ್ ಮುಗದೈತಿ.

ಹೊಸ ಗಾಳಿ, ಬೆಂಗಳೂರು

ನಡುವೆ ಬರುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ನಮ್ಮದು 2021ರ ಫಾರ್ಚುನರ್ 2.8, ಆಟೊಮ್ಯಾಟಿಕ್, ಬಿಎಸ್-6. ನಾನು ದಿನಾ ಜೆ.ಪಿ. ನಗರದಿಂದ ಕೋರಮಂಗಲಕ್ಕೆ ಓಡಿಸುತ್ತೇನೆ, ಟ್ರಾಫಿಕ್‌ನಲ್ಲಿ ಒಂದು ಗಂಟೆ. ಡಿಪಿಎಫ್ ತುಂಬಿದೆ ಅಂತ ಎರಡು ಸಲ ಸೂಚನೆ ಬಂತು. ಇನ್ನೊಂದು ವಿಷಯ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಮೊದಲಿಗಿಂತ ಮೇಲೆ ಬಂದಿದೆ. ಆಯಿಲ್ ಕಡಿಮೆಯಾಗುವುದು ಗೊತ್ತು, ಹೆಚ್ಚಾಗುವುದು ಹೇಗೆ? ನನ್ನ ಗಾಡಿಗೂ ಟೈಮಿಂಗ್ ಬೆಲ್ಟ್ ಚಿಂತೆ ಇದೆಯಾ?

ಪಾನಾಪಕ್ಕಡ, ಹುಬ್ಬಳ್ಳಿ

ಅಕ್ಕಾರ, ನಿಮ್ಮ 2.8 ಎಂಜಿನ್ನಿನ್ಯಾಗ ಟೈಮಿಂಗ್ ಚೈನ್ ಐತಿ, ಬೆಲ್ಟಿನ ಚಿಂತಿ ಇಲ್ಲ. ಆಯಿಲ್ ಮಾತ್ರ ಹೊತ್ತಿಗೆ ಸರಿ ಬದಲಸ್ರಿ, ಚೈನಿನ ಆಯುಷ್ಯ ಅದರ ಮ್ಯಾಲೇ ಐತಿ.

ಡಿಪಿಎಫ್ ಅಂದ್ರ ಹೊಗಿಯೊಳಗಿನ ಮಸಿ ಹಿಡಿಯೂ ಜಾಳಿಗಿ. ಮಸಿ ತುಂಬಿದ ಮ್ಯಾಲ ಗಾಡಿ ತಾನ ಹೆಚ್ಚಿನ ಡೀಸೆಲ್ ಬಿಟ್ಟು ಆ ಜಾಳಿಗಿಯನ್ನ 600 ಡಿಗ್ರಿ ಹತ್ರ ಕಾಯಿಸಿ ಮಸಿ ಸುಡತೈತಿ. ಆ ಕೆಲಸ ಪೂರಾ ಆಗಾಕ ಹದಿನೈದಿಪ್ಪತ್ತು ನಿಮಿಷ ಒಂದ ವೇಗದಾಗ ಗಾಡಿ ಓಡಬೇಕು. ನೀವು ಸಿಗ್ನಲ್ಲಿನ್ಯಾಗ ಬಂದ್ ಮಾಡ್ತೀರಿ, ಇಲ್ಲಾ ಆಫೀಸ್ ಬಂತು ಅಂತ ನಿಲ್ಲಸ್ತೀರಿ, ಸುಡೂ ಕೆಲಸ ಅರ್ಧಕ್ಕ ನಿಂತ ಹೊಕ್ಕೈತಿ. ಸುಡದ ಉಳಿದ ಡೀಸೆಲ್ ಸಿಲಿಂಡರ್ ಗೋಡಿ ಇಳಿದು ಆಯಿಲ್ಲಿಗೆ ಸೇರತೈತಿ. ಆಯಿಲ್ ಮ್ಯಾಲ ಬಂದದ್ದು ಅದಕ್ಕ. ಡೀಸೆಲ್ ಕೂಡಿದ ಆಯಿಲ್ ತೆಳ್ಳಗಾಗಿ ಬೇರಿಂಗ್ ಕಾಯೂದಿಲ್ಲ. ಮಟ್ಟ ಮ್ಯಾಲಿನ ಗೆರಿ ದಾಟಿದ್ರ ಕಿಲೋಮೀಟರ್ ಲೆಕ್ಕ ನೋಡಬ್ಯಾಡ್ರಿ, ಆಯಿಲ್ ಬದಲಸ್ರಿ. ಡಿಪಿಎಫ್ ಗಾಡಿಗೆ ಬೂದಿ ಕಡಿಮಿ ಇರೂ ಆಯಿಲ್ ಬೇಕು. ಡಬ್ಬಿ ಮ್ಯಾಲ ಸಿ2 ಇಲ್ಲಾ ಸಿ3 ಅಂತ ಇರತೈತಿ, ನಿಮ್ಮ ಪುಸ್ತಕದಾಗ ಏನ್ ಬರದಾರೋ ಅದನ್ನ ತಗೋರಿ. ವಾರಕ್ಕೊಮ್ಮೆ ನೈಸ್ ರೋಡಿಗೋ ತುಮಕೂರು ರೋಡಿಗೋ ಹೋಗಿ ಅರ್ಧಾ ತಾಸು ಓಡಿಸಿಕೊಂಡು ಬರ್ರಿ.

ಘಾಟಿಸವಾರ, ಸಕಲೇಶಪುರ

ಇಷ್ಟೆಲ್ಲ ತಲೆನೋವು ಯಾಕೆ? ಹಳೆ ಗಾಡಿಗೆ ಇಜಿಆರ್, ಅಂದರೆ ಹೊಗೆಯ ಒಂದಷ್ಟನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್, ಅದರ ಬಾಯಿಗೆ ಒಂದು ತಗಡು ಹಾಕಿ ಮುಚ್ಚಿಬಿಡಿ. ಮಸಿ ಬರುವುದೇ ನಿಲ್ಲುತ್ತದೆ, ಪಿಕಪ್ಪೂ ಚೆನ್ನಾಗಿರುತ್ತದೆ. ನಾನು ಮಾಡಿಸಿ ಮೂರು ವರ್ಷ ಆಯಿತು.

ಕಡಲ ತಡಿ, ಉಡುಪಿ

ದಯವಿಟ್ಟು ಈ ಸಲಹೆ ಕೊಡಬೇಡಿ. ಇಜಿಆರ್ ಇರುವುದೇ ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡಲಿಕ್ಕೆ. ಅದನ್ನು ಮುಚ್ಚಿದರೆ ಗಾಡಿ ಅದಕ್ಕೆ ಒಪ್ಪಿಗೆ ಸಿಕ್ಕಿದ ಸ್ಥಿತಿಯಲ್ಲಿ ಉಳಿಯುವುದಿಲ್ಲ. ನಮ್ಮ ಮಕ್ಕಳು ಕುಡಿಯುವ ಗಾಳಿ ಅದು. ಮಸಿ ಕಟ್ಟುತ್ತದೆ ಅಂತಾದರೆ ಬಿಚ್ಚಿ ತೊಳೆಯಬೇಕು. ನನ್ನ ಗಾಡಿಯಲ್ಲಿ 1.4 ಲಕ್ಷ ಕಿ.ಮೀ.ಗೆ ಇಜಿಆರ್ ವಾಲ್ವ್, ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿಸಿದೆ. ಹೆಬ್ಬೆರಳು ತೂರುವಷ್ಟು ದಾರಿ ಮಾತ್ರ ಉಳಿದಿತ್ತು, ಸುತ್ತ ಎಲ್ಲ ಒದ್ದೆ ಇದ್ದಿಲಿನ ಹಾಗೆ ಮಸಿ. ಒಂದು ದಿನದ ಕೆಲಸ. ತೊಳೆದ ಮೇಲೆ ಕಪ್ಪು ಹೊಗೆ ನಿಂತಿತು, ಎಳೆತ ವಾಪಸ್ ಬಂತು.

ಡಿಪೊ ಅಜ್ಜ, ಮೈಸೂರು

ಉಡುಪಿಯವರ ಮಾತಿಗೆ ನನ್ನ ಸಹಮತ. ಮುಚ್ಚುವುದು ರಿಪೇರಿಯಲ್ಲ.

ಮರಳುಗಾಡು, ಮಸ್ಕತ್

ನಾನು ಕುಂದಾಪುರದವನು, ಹನ್ನೆರಡು ವರ್ಷದಿಂದ ಒಮಾನ್‌ನಲ್ಲಿದ್ದೇನೆ. ಇಲ್ಲಿ ರಜೆ ದಿನ ಎಲ್ಲರೂ ಮರಳಿನ ಕಡೆ ಹೋಗುವವರೇ. ತುಂಗಾತೀರ ಅವರೇ, ನಿಮ್ಮ 2012ರ ಫೋರ್ ಬೈ ಫೋರ್ ಸದಾಕಾಲ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗಾಡಿ, ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ನಡುವೆ ಇದೆ. ಹಾಗಾಗಿ ನಾಲ್ಕೂ ಟೈರ್ ಒಂದೇ ಅಳತೆ, ಒಂದೇ ಕಂಪನಿ, ಸವೆತವೂ ಹೆಚ್ಚುಕಡಿಮೆ ಒಂದೇ ಇರಬೇಕು. 265/65 ಆರ್17 ಅಂತ ಬರೆದಿದ್ದರೂ ಹೊಸ ಟೈರಿನ ಸುತ್ತಳತೆ ಸವೆದ ಟೈರಿಗಿಂತ ದೊಡ್ಡದು. ಮುಂದೆ ಹೊಸದು, ಹಿಂದೆ ಹಳೆಯದು ಹಾಕಿದರೆ ನೇರ ರಸ್ತೆಯಲ್ಲೂ ಆ ಡಿಫರೆನ್ಷಿಯಲ್ ಸುಮ್ಮನೆ ದುಡಿಯುತ್ತಲೇ ಇರುತ್ತದೆ. ಐದು ಸಾವಿರ ಅಥವಾ ಹತ್ತು ಸಾವಿರ ಕಿ.ಮೀ.ಗೊಮ್ಮೆ ಟೈರ್ ಅದಲುಬದಲು ಮಾಡಿಸಿ. ಆ ಡಿಫರೆನ್ಷಿಯಲ್ ಬಿಗಿಯುವ ಸೆಂಟರ್ ಲಾಕ್ ಹಾಕುವುದು ಕೆಸರಿನಲ್ಲಿ ಮಾತ್ರ. ಟಾರ್ ರಸ್ತೆಗೆ ಬಂದ ತಕ್ಷಣ ತೆಗೆಯಿರಿ.

2016ರ ನಂತರದ ಗಾಡಿ ಇದ್ದವರಿಗೆ ಲೆಕ್ಕ ಬೇರೆ. ಅದರಲ್ಲಿ ನಾಬ್ ತಿರುಗಿಸಿ ಎಚ್4 ಹಾಕಿದರೆ ಮುಂದೆ ಹಿಂದೆ ಎರಡೂ ಗಟ್ಟಿಯಾಗಿ ಕೂಡಿಕೊಳ್ಳುತ್ತವೆ. ಒಣ ರಸ್ತೆಯಲ್ಲಿ ಅದನ್ನು ಹಾಕಿ ತಿರುಗಿಸಬಾರದು.

ಮುಖ್ಯಶಿಕ್ಷಕಿ, ಶಿರಸಿ

ನಮ್ಮ ಮನೆಯಲ್ಲಿರುವುದು ಫೋರ್ಡ್ ಎಂಡೆವರ್ 3.2. ಆ ಕಂಪನಿ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದ ಮೇಲೆ ಊರಿನ ಮೆಕ್ಯಾನಿಕ್ಕರ ಹತ್ತಿರವೇ ಹೆಚ್ಚು ಕೆಲಸ ಮಾಡಿಸುತ್ತಿದ್ದೇವೆ. ಅದೇ ಗಾಡಿ ಇರುವವರಿಗೆ ಒಂದು ಎಚ್ಚರಿಕೆ. ಈ ಐದು ಸಿಲಿಂಡರ್ ಎಂಜಿನ್ನಿನ ಆಯಿಲ್ ಇಳಿಸಿ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಖಾಲಿ ಬಿಡಬಾರದು. ಆಯಿಲ್ ಪಂಪಿನಲ್ಲಿರುವ ಆಯಿಲ್ಲೂ ಇಳಿದುಹೋಗಿ, ಮತ್ತೆ ತುಂಬಿದ ಮೇಲೆ ಪಂಪು ಎಳೆಯದೆ ಎಂಜಿನ್ ಒಣಗಿಯೇ ಓಡುತ್ತದೆ. ಬೇರೆ ಗಾಡಿಗಳಲ್ಲಿ ರಾತ್ರಿಯಿಡೀ ಸೋರಲು ಬಿಡುವುದು ಒಳ್ಳೆಯದು ಅನ್ನುವ ಮೆಕ್ಯಾನಿಕ್ಕರಿದ್ದಾರೆ. ಇದರಲ್ಲಿ ಬೇಡ. ಹೊಸ ಫಿಲ್ಟರ್, ಹೊಸ ಆಯಿಲ್ ಕೈಯಳತೆಯಲ್ಲಿ ಇಟ್ಟುಕೊಂಡ ಮೇಲೆಯೇ ಬೋಲ್ಟ್ ಬಿಚ್ಚಿಸಿ. ನಾನಂತೂ ಪ್ರತಿ ಸಲ ಪಕ್ಕದಲ್ಲಿ ನಿಂತೇ ಮಾಡಿಸುತ್ತೇನೆ.

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ಹೃದಯದಿಂದ ಧನ್ಯವಾದ. ನೀವು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಶಿವಮೊಗ್ಗದಲ್ಲಿ ಒಬ್ಬರು ಮೆಕ್ಯಾನಿಕ್ ಹತ್ತಿರ ಹೋದೆ. ಎರಡು ದಿನ ಅಲ್ಲೇ ಇದ್ದು ಮಾಡಿಸಿದೆ. ಆದದ್ದನ್ನು ಆದಂತೆಯೇ ಹೇಳುತ್ತೇನೆ.

ಚಕ್ರ ಬಿಚ್ಚುವಾಗಲೇ ಉಡುಪಿಯವರ ಮಾತು ನೆನಪಾಯಿತು. ಮುಂದಿನ ಎಡ ಚಕ್ರದ ಎರಡು ನಟ್ಟು ಪಾನಾದ ಮೇಲೆ ಒಬ್ಬರು ನಿಂತರೂ ಜಗ್ಗಲಿಲ್ಲ, ಪೈಪ್ ಹಾಕಿ ಇಬ್ಬರು ಎಳೆಯಬೇಕಾಯಿತು. ಮೂರನೆಯದು ಕೈಯಲ್ಲೇ ತಿರುಗುವಷ್ಟು ಸಡಿಲ. ಡಯಲ್ ಗೇಜ್ ಇಟ್ಟು ಡಿಸ್ಕ್ ತಿರುಗಿಸಿದರೆ ಮುಳ್ಳು 0.12 ಮಿ.ಮೀ. ಓಡಾಡಿತು. ಡಿಸ್ಕ್ ತೆಗೆದಾಗ ಹಬ್ಬಿನ ಮೇಲೆ ತುಕ್ಕು ಹಲ್ಲೆಯಾಗಿ ಎದ್ದಿತ್ತು. ತಂತಿ ಬ್ರಷ್‌ನಿಂದ ಹೊಳೆಯುವವರೆಗೆ ತಿಕ್ಕಿ, ಡಿಸ್ಕ್ ಲೇತಿಗೆ ಕೊಟ್ಟು ಮತ್ತೆ ಕೂರಿಸಿ ಅಳೆದಾಗ 0.04. ದಪ್ಪ ಇನ್ನೂ ಸಾಕಷ್ಟಿದೆ. ಪ್ಯಾಡ್ ಮಾತ್ರ ಮೇಲ್ಮೈ ಗಾಜಿನಂತಾಗಿತ್ತು, ಹೊಸದು ಹಾಕಿಸಿದೆ. ನಟ್ಟುಗಳನ್ನು ಟಾರ್ಕ್ ಪಾನಾದಲ್ಲಿ ಎದುರುಬದುರು ಬಿಗಿದರು.

ಬ್ರೇಕ್ ಆಯಿಲ್ ಇಳಿಸಿದಾಗ ಬಂದದ್ದು ಕಷಾಯದ ಬಣ್ಣ. ಹೊಸ ಡಾಟ್ 4 ತಿಳಿ ಜೇನಿನ ಹಾಗೆ ಇರುತ್ತದೆ. ಎರಡನ್ನೂ ಗಾಜಿನ ಲೋಟದಲ್ಲಿ ಪಕ್ಕಪಕ್ಕ ಇಟ್ಟು ತೋರಿಸಿದರು. ಆ ಕಷಾಯವನ್ನು ನಂಬಿ ಅಮ್ಮನನ್ನು ಕೂರಿಸಿಕೊಂಡು ಘಾಟಿ ಇಳಿದಿದ್ದೆನಲ್ಲ ಅಂತ ಕೈ ತಣ್ಣಗಾಯಿತು.

ಟೈಮಿಂಗ್ ಕವರ್ ತೆಗೆದರು. ಬೆಲ್ಟನ್ನು ಬೆರಳಲ್ಲಿ ಬಗ್ಗಿಸಿದರೆ ಬೆನ್ನಿನ ಮೇಲೆ ಸಾಲು ಸಾಲು ಬಿರುಕು, ಬೇಸಿಗೆಯ ಗದ್ದೆಯ ಹಾಗೆ. ಅಂಚಿನ ನೂಲು ಒಂದು ಕಡೆ ಎದ್ದು ಬಂದಿತ್ತು. ಟೆನ್ಷನರ್‌ನಿಂದ ಆಯಿಲ್ ಜಿನುಗಿತ್ತು. ಮೆಕ್ಯಾನಿಕ್ ಏನೂ ಹೇಳಲಿಲ್ಲ, ಬೆಲ್ಟನ್ನು ನನ್ನ ಕೈಗಿಟ್ಟರು. ಅದನ್ನು ಮನೆಗೆ ತಂದು ಜೋಪಾನವಾಗಿ ಇಟ್ಟಿದ್ದೇನೆ. ಕಿಟ್, ಮಜೂರಿ ಸೇರಿ 21,400.

ಗ್ರೀಸ್ ಗನ್ ಹಚ್ಚಿದಾಗ ಮೊದಲು ಇಟ್ಟಿಗೆ ಪುಡಿಯಂಥ ಕೆಂಪು ತುಕ್ಕು ಹೊರಬಂತು, ಆಮೇಲೆ ಕಪ್ಪು, ಕೊನೆಗೆ ಹೊಸ ಗ್ರೀಸ್. ಟಣ್ ಸದ್ದು ಅಲ್ಲಿಗೇ ನಿಂತಿತು.

ಲೀಕ್-ಆಫ್‌ನಲ್ಲಿ ಮೂರು ಬಾಟಲಿ ಸಮ, ಮೂರನೇ ಸಿಲಿಂಡರಿನದ್ದು ಮಾತ್ರ ಹೆಚ್ಚುಕಡಿಮೆ ಎರಡರಷ್ಟು. ಅದೊಂದನ್ನೇ ಬದಲಿಸಿ, ಕೋಡ್ ತುಂಬಿ, ನಾಲ್ಕಕ್ಕೂ ಹೊಸ ತಾಮ್ರದ ವಾಷರ್ ಹಾಕಿದರು. ಸಂಪ್ ಇಳಿಸಿ ನೋಡಿದರು, ಜಾಳಿಗೆಯ ಕಾಲು ಭಾಗ ಕಟ್ಟಿತ್ತು, ತೊಳೆದು ಹಾಕಿದರು. ಕ್ಲಚ್ ಸ್ಲಿಪ್ ಇಲ್ಲ, ಮುಟ್ಟಲಿಲ್ಲ. ಎಲ್ಲ ಸೇರಿ 74,000 ಆಯಿತು.

ಪಾನಾಪಕ್ಕಡ, ಹುಬ್ಬಳ್ಳಿ

ಭಾಳ ಖುಷಿ ಆತ್ರಿ. ಜಾಳಿಗಿ ಕಾಲು ಭಾಗ ಕಟ್ಟಿತ್ತು ಅಂದ್ರ ಹೊತ್ತಿಗೆ ಸರಿ ನೋಡಿದ್ರಿ. ಈಗ ಹೊಸಾ ಆಯಿಲ್ ಹಾಕೀರಿ, ಒಳಗ ಉಳಿದ ಮಸಿ ಬಿಡ್ಕೋತ ಬರತೈತಿ. ಹಂಗಾಗಿ ಮುಂದಿನ ಆಯಿಲ್ 3,000 ಕಿಲೋಮೀಟರಿಗೇ ಬದಲಸ್ರಿ, ಆಮ್ಯಾಲ ಮಾಮೂಲಿ ಲೆಕ್ಕ ಹಿಡೀರಿ. ಸುಮಾರು 7 ಲೀಟರ್ ಹಿಡಿತೈತಿ. ಬಾಟಲಿಯೊಳಗಿನ ಫ್ಲಶ್ ಹಾಕಾಕ ಹೇಳಿದ್ರ ಬ್ಯಾಡ ಅನ್ರಿ, ಮಸಿ ಒಮ್ಮಿಗೇ ಕಿತ್ತು ಬಂದು ಮತ್ತ ಜಾಳಿಗಿಗೇ ಕೂಡ್ತೈತಿ. ಡೀಸೆಲ್ ಫಿಲ್ಟರ್ ಯಾವಾಗ ಬದಲಸೀರಿ?

ತುಂಗಾತೀರ, ತೀರ್ಥಹಳ್ಳಿ

ಡೀಸೆಲ್ ಫಿಲ್ಟರ್ ಬದಲಿಸಿದೆ. ಕೆಳಗಿನ ಬಿರಡೆ ಸಡಿಲಿಸಿದಾಗ ಒಂದು ಸಣ್ಣ ಲೋಟದಷ್ಟು ನೀರು ಬಂತು. ನಮ್ಮಲ್ಲಿ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೀರು ಇಳಿಸಿ ಅಂದರು, ಮಾಡುವ ಕ್ರಮವನ್ನೂ ತೋರಿಸಿಕೊಟ್ಟರು.

ಇನ್ನು ಜೂನ್ ಹತ್ತಿರ ಬಂತು. ತೋಟದ ದಾರಿಯಲ್ಲಿ ಒಂದು ಹಳ್ಳ ದಾಟಬೇಕು, ಮಳೆ ಜೋರಾದರೆ ಮೊಣಕಾಲುದ್ದ ನೀರು. ಮಳೆಗಾಲಕ್ಕೆ ಮುಂಚೆ ಏನೇನು ನೋಡಿಸಲಿ?

ಕಡಲ ತಡಿ, ಉಡುಪಿ

ಚಕ್ರಗಳ ನಡುವಿನ ಗೇರು ಡಬ್ಬಿ, ಅಂದರೆ ಕ್ರೌನ್ ಹೌಸಿಂಗಿನ ಉಸಿರು ಪೈಪು ನೋಡಿಸಿ, ಮುಂದೆ ಹಿಂದೆ ಎರಡೂ. ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆಯುತ್ತದೆ. ಉಸಿರು ಪೈಪು ಮಣ್ಣಿನಿಂದ ಕಟ್ಟಿದ್ದರೆ ಆಯಿಲ್ ಸೀಲಿನಿಂದಲೇ ನೀರು ಎಳೆದುಕೊಳ್ಳುತ್ತದೆ. ಹಳ್ಳ ದಾಟಿದ ಮರುವಾರ ಲೆವೆಲ್ ಪ್ಲಗ್ ಬಿಚ್ಚಿ ಬೆರಳು ಹಾಕಿ ನೋಡಿ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ, ಅವತ್ತೇ ಬದಲಿಸಬೇಕು. ಶಾಫ್ಟಿಗೂ ಮತ್ತೆ ಗ್ರೀಸ್ ಹೊಡೆಸಿ.

ಇನ್ನೊಂದು, ಚಾಸಿಸ್. ಏಣಿಯಂಥ ಆ ಚೌಕಟ್ಟಿನ ಒಳಗೆ ಪೊಳ್ಳು ಉಂಟು, ನೀರು ಇಳಿದು ಹೋಗಲಿಕ್ಕೆ ಅಡಿಯಲ್ಲಿ ತೂತು ಬಿಟ್ಟಿದ್ದಾರೆ. ನಿಮ್ಮ ಕೆಂಪು ಮಣ್ಣು ಹೋಗಿ ಆ ತೂತು ಮುಚ್ಚುತ್ತದೆ. ನೀರು ಒಳಗೇ ನಿಂತು ಒಳಗಿನಿಂದ ತುಕ್ಕು ತಿನ್ನುತ್ತದೆ. ತಂತಿಯಿಂದ ತೂತು ಬಿಡಿಸಿ, ಒಳಗೆ ನೀರು ಹಾಯಿಸಿ ಮಣ್ಣು ತೊಳೆಸಿ, ಪೂರ್ತಿ ಒಣಗಿದ ಮೇಲೆ ಒಳಗೆ ಮೇಣದ ಕೋಟಿಂಗ್ ಹೊಡೆಸಿ. ತುಕ್ಕಿನ ಮೇಲೇ ಕಪ್ಪು ಟಾರ್ ಬಳಿದು ಕೊಡುವವರಿದ್ದಾರೆ. ಅದರ ಅಡಿಯಲ್ಲಿ ತುಕ್ಕು ಬೆಳೆಯುತ್ತಲೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಡಿಪೊ ಅಜ್ಜ, ಮೈಸೂರು

ಸ್ಟೆಪ್ನಿ ಇಳಿಸಿ ನೋಡಿದ್ದೀರಾ? ಗಾಡಿಯ ಅಡಿಯಲ್ಲಿ ಸರಪಳಿಗೆ ತೂಗುಹಾಕಿರುತ್ತದೆ. ವರ್ಷಗಟ್ಟಲೆ ಮುಟ್ಟದಿದ್ದರೆ ಸರಪಳಿ ತುಕ್ಕು ಹಿಡಿದು ಇಳಿಯುವುದೇ ಇಲ್ಲ. ಕತ್ತಲಲ್ಲಿ, ಮಳೆಯಲ್ಲಿ ಅದು ಗೊತ್ತಾಗಬಾರದು.

ಹೊಸ ಗಾಳಿ, ಬೆಂಗಳೂರು

ಭಾನುವಾರ ತುಮಕೂರು ರಸ್ತೆಯಲ್ಲಿ ನಲವತ್ತು ನಿಮಿಷ ಓಡಿಸಿದೆ, ಡಿಪಿಎಫ್ ಸೂಚನೆ ಹೋಯಿತು. ಆಯಿಲ್ ಕೂಡ ಬದಲಿಸಿದೆ. ಹುಬ್ಬಳ್ಳಿ ಅಣ್ಣನಿಗೆ ಧನ್ಯವಾದ.

ಮುಖ್ಯಶಿಕ್ಷಕಿ, ಶಿರಸಿ

ಮಲೆನಾಡಿನವರಿಗೆ ಇಲಿಯ ವಿಷಯವನ್ನೂ ಹೇಳಬೇಕು. ಮಳೆಗಾಲದಲ್ಲಿ ಇಲಿಗಳು ಬೆಚ್ಚಗಿರುತ್ತದೆ ಅಂತ ಎಂಜಿನ್ ಮೇಲೆ ಬಂದು ಸೇರುತ್ತವೆ, ವೈರು ಕಡಿಯುತ್ತವೆ, ಏರ್ ಫಿಲ್ಟರ್ ಡಬ್ಬಿಯಲ್ಲಿ ಗೂಡು ಕಟ್ಟುತ್ತವೆ. ನಾವು ಹೊಗೆಸೊಪ್ಪನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಸಿಯಾಗುವ ಭಾಗಕ್ಕೂ ಬೆಲ್ಟಿಗೂ ತಾಗದಂತೆ ಬಾನೆಟ್ ಒಳಗೆ ಇಡುತ್ತೇವೆ. ಹದಿನೈದು ದಿನಕ್ಕೊಮ್ಮೆ ಬದಲಿಸಬೇಕು, ವಾಸನೆ ಹೋದ ಮೇಲೆ ಅದರಿಂದ ಪ್ರಯೋಜನವಿಲ್ಲ. ಒಂದೆರಡು ದಿನ ನಿಂತ ಗಾಡಿಯನ್ನು ಬಾನೆಟ್ ಎತ್ತಿ ನೋಡದೆ ನಾವು ಸ್ಟಾರ್ಟ್ ಮಾಡುವುದಿಲ್ಲ.

ತುಂಗಾತೀರ, ತೀರ್ಥಹಳ್ಳಿ

ಸ್ಟೆಪ್ನಿ ಇವತ್ತು ಇಳಿಸಿದೆ. ಅಜ್ಜ ಹೇಳಿದ್ದು ಸರಿ. ಸರಪಳಿ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಆಯಿಲ್ ಬಿಟ್ಟು, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಹಿಂದೆ ಮುಂದೆ ತಿರುಗಿಸಿದ ಮೇಲೆ ಇಳಿಯಿತು. ಟೈರಿನಲ್ಲಿ ಗಾಳಿ 12 ಪಿಎಸ್‌ಐ ಮಾತ್ರ ಇತ್ತು. ಸರಪಳಿ ತೊಳೆದು ಗ್ರೀಸ್ ಹಚ್ಚಿ ಮತ್ತೆ ಏರಿಸಿದ್ದೇನೆ.

ನಿನ್ನೆ ಒಬ್ಬನೇ ಆಗುಂಬೆ ಇಳಿದು ಹತ್ತಿ ಬಂದೆ. ಘಾಟಿಯ ಬಾಯಲ್ಲೇ ಎರಡನೇ ಗೇರಿಗೆ ಹಾಕಿದೆ, ಹದಿನಾಲ್ಕು ತಿರುವಿಗೂ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಇಳಿದೆ. ಸ್ಟೀರಿಂಗ್ ನಡುಗಲಿಲ್ಲ. ಸೋಮೇಶ್ವರದಲ್ಲಿ ನಿಲ್ಲಿಸಿ ಪೆಡಲ್ ಒತ್ತಿ ನೋಡಿದರೆ ಮನೆಯಲ್ಲಿ ಇದ್ದಷ್ಟೇ ಎತ್ತರದಲ್ಲಿ, ಅಷ್ಟೇ ಗಟ್ಟಿ. ಹದಿನೆಂಟಕ್ಕೆ ಅಮ್ಮನ ತಪಾಸಣೆ ಇದೆ, ಈ ಗಾಡಿಯಲ್ಲೇ ಹೋಗುತ್ತೇವೆ.

ಪಾನಾಪಕ್ಕಡ, ಹುಬ್ಬಳ್ಳಿ

ಹೋಗಿ ಬರ್ರಿ. ಹೊಸಾ ಪ್ಯಾಡ್ ಹಾಕಿ ನಟ್ಟು ಬಿಗಿದೀರಿ, ನೂರು ಕಿಲೋಮೀಟರ್ ಆದ ಮ್ಯಾಲ ಆ ನಟ್ಟುಗಳಿಗೆ ಟಾರ್ಕ್ ಪಾನಾ ಇನ್ನೊಮ್ಮೆ ಹಚ್ಚಸ್ರಿ.